ನಾಲ್ಕಾಣೆಯ ತಾಳೆ

ನಮ್ಮದು ಮೂರೂವರೆ ಜನರ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಗದ, ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಆ ಅರ್ಧ ಜನ ಎಂದರೆ ಸಂಜೆ ಐದಕ್ಕೆ ಬಂದು ಏಳರವರೆಗೆ ಲೆಕ್ಕ ಬರೆದು ಹೋಗುವ ಹುಡುಗಿ. ಊರಿಗೆಲ್ಲ ಬಿಲ್ ಪುಸ್ತಕ ಅಚ್ಚು ಹಾಕಿಕೊಟ್ಟ ನಾನು, ನನ್ನದೇ ಬಿಲ್ಲು ಮಾಡಲು ಅಗ್ಗದ ಸಾಫ್ಟ್‌ವೇರ್ ಹುಡುಕುತ್ತ ಎರಡು ವರ್ಷ ಕಳೆದೆ. ಬಿಲ್ ಪುಸ್ತಕದ ಆರ್ಡರು ಕಮ್ಮಿಯಾಗಿದ್ದೂ ಇದೇ ಸಾಫ್ಟ್‌ವೇರುಗಳಿಂದ, ಅದು ಬೇರೆ ಮಾತು.

ಅಪ್ಪ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕಿರ್ದಿಯ ನೆತ್ತಿಯ ಮೇಲೆ ‘ಶ್ರೀ’, ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೊನೆಗೆ ಅಖೈರು ಶಿಲ್ಕು. ಪುಸ್ತಕದ ಶಿಲ್ಕಿಗೂ ಪೆಟ್ಟಿಗೆಯ ದುಡ್ಡಿಗೂ ನಾಲ್ಕಾಣೆ ವ್ಯತ್ಯಾಸ ಬಂದರೆ ಅವತ್ತು ಮನೆಯಲ್ಲಿ ಊಟ ತಡ. ಒಂದು ರಾತ್ರಿ ಅಮ್ಮ ಸಾಸಿವೆ ಡಬ್ಬಿಯಿಂದ ನಾಲ್ಕಾಣೆ ತೆಗೆದು ನನ್ನ ಕೈಗಿಟ್ಟು ಮಂಡಿಗೆ ಓಡಿಸಿದಳು. “ಇದನ್ನ ಪೆಟ್ಟಿಗೆಗೆ ಹಾಕಿ ಉಣ್ಣೋಕೆ ಬರಬೇಕಂತೆ ಅನ್ನು.” ಅಪ್ಪ ನಾಣ್ಯವನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. “ಇದನ್ನ ಹಾಕಿದ್ರೆ ದುಡ್ಡು ಸರಿಹೋಗುತ್ತೆ ಮಾರಾಯ, ಲೆಕ್ಕ ಸರಿಹೋಗಲ್ಲ.” ಆ ನಾಲ್ಕಾಣೆಗೆ ಮರುದಿನ ನಾನು ಪೆಪ್ಪರಮಿಂಟು ತಿಂದೆ. ಅದು ಯಾವ ಪುಸ್ತಕದಲ್ಲೂ ಖರ್ಚು ಬಿದ್ದಿಲ್ಲ.

ಅಪ್ಪನಿಗಿಂತ ಹಿಂದಿನವರದು ಕಾಗದವೂ ಅಲ್ಲ, ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಲಿನ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದರು. ಅದೇ ಕಡತ. ಇವತ್ತು ತಾಲೂಕು ಆಫೀಸಿನಲ್ಲಿ ‘ಕಡತ ಸಾಹೇಬರ ಟೇಬಲ್ಲಿಗೆ ಹೋಗಿದೆ’ ಎನ್ನುವಾಗ ಯಾರಿಗೂ ಹುಣಸೆ ಬೀಜ ನೆನಪಾಗುವುದಿಲ್ಲ. ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದಾಗಿದ್ದ ಈ ವಸ್ತು ಬಾಳಿಕೆಯಲ್ಲಿ ಮಾತ್ರ ಗಟ್ಟಿ. ಶೃಂಗೇರಿ ಮಠದ ಹಳೆಯ ಕಡತಗಳನ್ನು ವಿದ್ವಾಂಸರು ಈಗಲೂ ಓದುತ್ತಾರೆ.

ನನ್ನ ಮೊದಲ ಸಾಫ್ಟ್‌ವೇರಿನ ಆಯುಸ್ಸು ಹದಿನಾಲ್ಕು ತಿಂಗಳು. ವರ್ಷದ ಚಂದಾ ಎರಡು ರೀಮು ಆರ್ಟ್ ಪೇಪರಿನ ಬೆಲೆಗಿಂತ ಕಮ್ಮಿ ಎಂದು ಹಿಗ್ಗಿ ಕೊಂಡಿದ್ದೆ. ಎರಡನೇ ವರ್ಷದ ದುಡ್ಡು ಕಟ್ಟಿ ಎರಡು ತಿಂಗಳಾಗಿತ್ತು, ಮಾರಿದವರ ಫೋನು ಸತ್ತುಹೋಯಿತು, ಹಿಂದೆಯೇ ಸಾಫ್ಟ್‌ವೇರೂ ತೆರೆಯದಾಯಿತು. ನನ್ನ ಲೆಕ್ಕ ಒಳಗೆ, ನಾನು ಹೊರಗೆ. ಬ್ಯಾಂಕ್ ಪಾಸ್‌ಬುಕ್ಕು, ಮೊಳೆಗೆ ಚುಚ್ಚಿಟ್ಟ ರಸೀದಿಗಳು, ಗಿರಾಕಿಗಳ ದಯೆ, ಈ ಮೂರನ್ನು ಇಟ್ಟುಕೊಂಡು ಹದಿನಾಲ್ಕು ತಿಂಗಳನ್ನು ಮತ್ತೆ ಬರೆದೆವು. ಆಮೇಲೆ ಡೆಮೊ ಕೊಡಲು ಬಂದವರಿಗೆಲ್ಲ ನನ್ನದು ಒಂದೇ ಪ್ರಶ್ನೆ: “ನಾಳೆ ನಿಮ್ಮನ್ನ ಬಿಟ್ಟರೆ ನನ್ನ ಲೆಕ್ಕ ಎಕ್ಸೆಲ್ಲಿಗೆ ಇಳಿಸಿಕೊಂಡು ಹೋಗಬಹುದಾ?” ಹಲವರು ಆಗ ಚಹಾ ಆರುತ್ತಿದೆ ಎಂದರು.

ಪುಕ್ಕಟೆ ದಾರಿಯೂ ಇತ್ತು. ವಾರ್ಷಿಕ ವಹಿವಾಟು 1.5 ಕೋಟಿಯೊಳಗಿನ ಸಣ್ಣವರಿಗೆ ಉಚಿತ ಸಾಫ್ಟ್‌ವೇರ್ ಕೊಡುತ್ತೇವೆಂದು 2019ರಲ್ಲಿ ಜಿಎಸ್‌ಟಿ ಜಾಲದವರೇ ಹೇಳಿದ್ದರು. ಗ್ನೂಕ್ಯಾಶ್ ಎಂಬ ಲೆಕ್ಕದ ಸಾಫ್ಟ್‌ವೇರ್ ಅಂತೂ 1998ರಿಂದಲೂ ಬಿಟ್ಟಿಯೇ. ಉತ್ಸಾಹದಿಂದ ಅದನ್ನು ಹಾಕಿದೆ. ಹುಡುಗಿ ಎರಡು ನಿಮಿಷ ನೋಡಿ ಕೈ ಮಡಿಚಿ ಕೂತಳು. “ನಂಗೆ ಟ್ಯಾಲಿ ಬರುತ್ತೆ ಸರ್. ಇದು ಬರಲ್ಲ.” ಕಲಿಸೋಣವೆಂದರೆ, ಕಲಿತ ಹುಡುಗಿ ನಾಳೆ ಮದುವೆಯಾಗಿ ಹೋದರೆ ಮುಂದಿನವಳಿಗೆ ಮತ್ತೆ ಒಂದರಿಂದ. ಟ್ಯಾಲಿಯಾದರೋ ತಾಲೂಕಿನ ಕಂಪ್ಯೂಟರ್ ಕ್ಲಾಸುಗಳಲ್ಲೆಲ್ಲ ಕಲಿಸುತ್ತಾರೆ. ಹೀಗೆ ಸಾಫ್ಟ್‌ವೇರ್ ಆರಿಸಿದ್ದು ನಾನಲ್ಲ, ನನ್ನ ಅರ್ಧ ಜನ.

ಟ್ಯಾಲಿಯ ಹುಟ್ಟೂ ಒಂದು ಅಪ್ಪ-ಮಗನ ಕಥೆಯೇ. ಬೆಂಗಳೂರಿನಲ್ಲಿ ಬಟ್ಟೆ ಗಿರಣಿಗಳಿಗೆ ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ, ತಮಗೆ ಹೊಂದುವ ಲೆಕ್ಕದ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್‌ಗೆ ನೀನೇ ಬರೆ ಎಂದರಂತೆ. 1986ರ ಸುಮಾರಿನ ಮಾತು. ಆ ಕಾಲದ ಸಾಫ್ಟ್‌ವೇರುಗಳು ಪ್ರತಿ ಖಾತೆಗೂ ಒಂದು ಅಂಕಿಯ ಸಂಕೇತ ಕೇಳುತ್ತಿದ್ದವು. ಮಗ ಬರೆದದ್ದರಲ್ಲಿ ಖಾತೆಗೆ ಹೆಸರೇ ಸಾಕು. ನನ್ನ ಅಪ್ಪನ ಖತಾವಣಿಯಲ್ಲೂ ‘ಗೋಣಿಚೀಲದ ಸಾಬರು’ ಎಂದೇ ಇತ್ತು, ನಂಬರ್ ಇರಲಿಲ್ಲ.

ಈ ಸಲದ ದೀಪಾವಳಿ ಅಂಗಡಿ ಪೂಜೆಗೆ ಎಂಬತ್ತಾರರ ಅಪ್ಪನನ್ನು ಪ್ರೆಸ್ಸಿಗೆ ಕರೆತಂದೆ. ಕಿರ್ದಿ ಪುಸ್ತಕವಿಲ್ಲದ್ದರಿಂದ ಕುಂಕುಮ ಮಾನಿಟರಿನ ಅಂಚಿಗೆ ಬಿತ್ತು. “ಏನಿದರ ಹೆಸರು?” ಎಂದರು. ಟ್ಯಾಲಿ ಎಂದೆ. ಕಿವಿ ಮಂದ. “ತಾಳೆನಾ? ಒಳ್ಳೇ ಹೆಸರು” ಎಂದು ಕನ್ನಡಕ ಏರಿಸಿ ಖಾತೆಗಳ ಮೇಲೆ ಬೆರಳಾಡಿಸುತ್ತ ಹೋದವರು ಒಂದು ಕಡೆ ನಿಂತರು. ರೌಂಡ್ ಆಫ್: 0.25.

“ಇದೇನು?”

“ತೆರಿಗೆ ಹಾಕಿದಾಗ ಬಿಲ್ಲಿಗೆ ಪೈಸೆ ಬಾಲ ಅಂಟಿಕೊಳ್ಳುತ್ತೆ ಅಪ್ಪ. ಬಾಲ ಕತ್ತರಿಸಿ ಇಲ್ಲಿಗೆ ಹಾಕ್ತಾರೆ. ಲೆಕ್ಕ ತಾಳೆಯಾಗಬೇಕಲ್ಲ.”

ನಾಲ್ಕಾಣೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಗಿದೆ. ಅಪ್ಪ ಪರದೆಯನ್ನೇ ಸುಮಾರು ಹೊತ್ತು ನೋಡಿದರು. ಆಮೇಲೆ ಹೆಗಲು ಕುಣಿಯುವಂತೆ ನಗುತ್ತ ಹುಡುಗಿಯ ಕಡೆ ತಿರುಗಿದರು.

“ಹೆಸರು ತಿದ್ದಮ್ಮ. ಇದು ಇವನ ಅಮ್ಮನ ಖಾತೆ.”