ರಿಸ್ಟೋರ್ ಆದರೆ ಮಾತ್ರ ಬ್ಯಾಕಪ್

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಅಂದರೆ ಜನಕ್ಕೆ ನೆನಪಾಗುವುದು ಪ್ರೋಗ್ರಾಂ ಬರೆಯುವವರು. ಸಂಬಳದ ಪಟ್ಟಿ, ಗಿರಾಕಿಗಳ ಖಾತೆ, ವರ್ಷಗಳ ಲೆಕ್ಕಪತ್ರ ಇವನ್ನೆಲ್ಲ ಹಗಲು ರಾತ್ರಿ ಕಾದವರು ಬೇರೆಯೇ ಇದ್ದರು. 2000ದ ಆಸುಪಾಸಿನಲ್ಲಿ ನಾನೂ ಅವರಲ್ಲೊಬ್ಬನಾದೆ. ನಮ್ಮ ಜಾಗ ಸರ್ವರ್ ರೂಮು. ಎತ್ತರಿಸಿದ ನೆಲ, ಅದರಡಿಯಿಂದ ನುಗ್ಗುವ ತಣ್ಣನೆ ಗಾಳಿ. ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡೇ ಕೆಲಸ ಮಾಡಬೇಕು.

ನಮ್ಮ ದಿನ ಶುರುವಾಗುತ್ತಿದ್ದುದೇ ಟೇಪಿನಿಂದ. ಡಿಎಲ್‌ಟಿ ಎಂಬ ಟೇಪಿನ ಬಗೆ ಹಳತಾಗಿ ಎಲ್‌ಟಿಒ ಬಂದ ಹೊಸತು. 2000ದಲ್ಲಿ ಬಂದ ಮೊದಲ ತಲೆಮಾರಿನ ಎಲ್‌ಟಿಒ ಕಾರ್ಟ್ರಿಡ್ಜ್ ಕಂಪ್ರೆಸ್ ಮಾಡದೆ 100 ಜಿಬಿ ಹಿಡಿಯುತ್ತಿತ್ತು. ಅಂಗೈಯಗಲದ ಡಬ್ಬಿಯೊಳಗೆ ಅರ್ಧ ಇಂಚು ಅಗಲದ, 600 ಮೀಟರಿಗೂ ಉದ್ದದ ಟೇಪು. ವಾರದ ದಿನಗಳಲ್ಲಿ ಬದಲಾದ ಫೈಲುಗಳದ್ದಷ್ಟೇ ಇನ್‌ಕ್ರಿಮೆಂಟಲ್, ಶುಕ್ರವಾರ ರಾತ್ರಿ ಫುಲ್ ಬ್ಯಾಕಪ್. ಬೆಳಿಗ್ಗೆ ಟೇಪು ತೆಗೆದು, ಬಾರ್‌ಕೋಡ್ ನಂಬರನ್ನು ರಿಜಿಸ್ಟರಿನಲ್ಲಿ ಬರೆದು, ಬೀಗದ ಪೆಟ್ಟಿಗೆಯಲ್ಲಿಟ್ಟು ಊರಿನ ಇನ್ನೊಂದು ಕಡೆಯ ಆಫೀಸಿಗೆ ಕಳಿಸುತ್ತಿದ್ದೆವು. ಕಟ್ಟಡಕ್ಕೇ ಬೆಂಕಿ ಬಿದ್ದರೂ ಲೆಕ್ಕ ಉಳಿಯಬೇಕಲ್ಲ.

ಆಮೇಲೆ ಸ್ಯಾನ್, ಅಂದರೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಬಂತು. ಅದುವರೆಗೆ ಒಂದೊಂದು ಸರ್ವರಿಗೂ ಅದರದೇ ಡಿಸ್ಕು. ಒಂದರಲ್ಲಿ ಜಾಗ ಖಾಲಿ ಬಿದ್ದಿದ್ದರೂ ಇನ್ನೊಂದಕ್ಕೆ ಕೊಡುವಂತಿರಲಿಲ್ಲ. ಸ್ಯಾನಿನಲ್ಲಿ ಡಿಸ್ಕುಗಳೆಲ್ಲ ಒಂದೇ ಕಡೆ. ಬೇಕಾದಷ್ಟು ಜಾಗವನ್ನು ಲನ್ ಎಂಬ ತುಂಡು ಮಾಡಿ ಫೈಬರ್ ಚಾನೆಲ್ ಸ್ವಿಚ್ಚಿನ ಮೂಲಕ ಸರ್ವರಿಗೆ ಕೊಡುವುದು. ಯಾವ ಸರ್ವರಿಗೆ ಯಾವ ಸ್ಟೋರೇಜು ಕಾಣಬೇಕು ಅನ್ನುವುದನ್ನು ಝೋನಿಂಗ್ ಮಾಡಿ ಗಟ್ಟಿ ಮಾಡಬೇಕು. ಅಲ್ಲಿ ಗುರುತಿಗೆ ಡಬ್ಲ್ಯೂಡಬ್ಲ್ಯೂಎನ್ ಎಂಬ, ಅಂಕಿ ಅಕ್ಷರ ಬೆರೆತ ಹದಿನಾರು ಮನೆಗಳ ಸಾಲು. ಒಂದು ತಪ್ಪಿದರೂ ಸರ್ವರಿಗೆ ಡಿಸ್ಕೇ ಕಾಣದು. ಅದಕ್ಕಿಂತ ಭಯದ್ದು, ಒಬ್ಬರ ಲನ್ ಇನ್ನೊಬ್ಬರಿಗೆ ಕಂಡು, ಎರಡು ಸರ್ವರುಗಳು ಒಂದೇ ಡಿಸ್ಕಿನ ಮೇಲೆ ಬರೆದು ಡೇಟಾ ಹಾಳಾಗುವುದು. ಹಾಗಾಗಿ ನಮ್ಮ ಹಿರಿಯ ಅಡ್ಮಿನ್ ಯಾರಿಗೂ ಒಬ್ಬರೇ ಕೂತು ಝೋನಿಂಗ್ ಮಾಡಲು ಬಿಡುತ್ತಿರಲಿಲ್ಲ. ಒಬ್ಬ ಸರ್ವರಿನ ಫೈಬರ್ ಚಾನೆಲ್ ಕಾರ್ಡಿನ ಸ್ಟಿಕ್ಕರ್ ನೋಡಿ ಓದಬೇಕು, ಇನ್ನೊಬ್ಬ ಟೈಪ್ ಮಾಡಬೇಕು, ಆಮೇಲೆ ಟೈಪ್ ಮಾಡಿದವನು ಓದಿ ಹೇಳಬೇಕು. ಫ್ಯಾನುಗಳ ಮೊರೆತದಲ್ಲಿ ಅವರು ಕೂಗುತ್ತಿದ್ದರು:

"ಬಿ ಅಂದ್ಯೋ, ಡಿ ಅಂದ್ಯೋ? ಬಿಡಿಸಿ ಹೇಳಪ್ಪ."

"ಬಿ, ಸರ್. ಬೆಂಗಳೂರಿನ ಬಿ."

ಡಿಸ್ಕು ಕೆಡುವುದು ಮಾಮೂಲಿ. ಹಸಿರು ದೀಪಗಳ ಸಾಲಿನಲ್ಲಿ ಒಂದು ಹಳದಿಗೆ ತಿರುಗಿದರೆ ಅದನ್ನು ಎಳೆದು ಹೊಸದನ್ನು ತಳ್ಳುವುದು. 1988ರಲ್ಲಿ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ತಮ್ಮ ಲೇಖನದಲ್ಲಿ ಮುಂದಿಟ್ಟ, ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ರೇಡ್ ನಮ್ಮನ್ನು ಕಾಪಾಡುತ್ತಿತ್ತು. ರೇಡ್ 5ರಲ್ಲಿ ಒಂದು ಡಿಸ್ಕು ಹೋದರೆ ಉಳಿದವುಗಳ ಪ್ಯಾರಿಟಿ ಲೆಕ್ಕದಿಂದ ಅದನ್ನು ಮತ್ತೆ ಕಟ್ಟಬಹುದು. ಕಟ್ಟಿ ಮುಗಿಸುವ ಮೊದಲೇ ಎರಡನೆಯದು ಹೋದರೆ ಎಲ್ಲವೂ ಹೋಯಿತು. 146 ಜಿಬಿ ಡಿಸ್ಕಿನ ಕಾಲದಲ್ಲಿ ರೀಬಿಲ್ಡ್ ಕೆಲವು ಗಂಟೆಗಳ ಮಾತು. ಡಿಸ್ಕಿನ ಗಾತ್ರ ಟಿಬಿಗಳಿಗೆ ಏರಿತು, ವೇಗ ಮಾತ್ರ ಅಷ್ಟು ಏರಲಿಲ್ಲ; ರೀಬಿಲ್ಡ್ ದಿನಗಟ್ಟಲೆ ಎಳೆಯತೊಡಗಿತು. ಎರಡು ಡಿಸ್ಕು ಹೋದರೂ ತಾಳುವ ರೇಡ್ 6 ಬೇಕಾದದ್ದು ಅದಕ್ಕೇ.

ನೆಟ್‌ವರ್ಕ್ ಕಡೆಯವರಿಗೆ ಸಾಧನಗಳ ಮೇಲೆ ಕಣ್ಣಿಡುವ ಎಸ್‌ಎನ್‌ಎಂಪಿ ಆಸರೆ. ಲಿಂಕ್ ಬಿದ್ದ ಕ್ಷಣ ಸ್ವಿಚ್ಚು ತಾನಾಗಿಯೇ ಟ್ರ್ಯಾಪ್ ಎಂಬ ಎಚ್ಚರಿಕೆ ಕಳಿಸುತ್ತಿತ್ತು. ಐದು ನಿಮಿಷಕ್ಕೊಮ್ಮೆ ಬದಲಾಗುವ ಎಂಆರ್‌ಟಿಜಿಯ ಟ್ರಾಫಿಕ್ ಗ್ರಾಫ್ ನೋಡಿಯೇ ಬ್ಯಾಕಪ್ ಶುರುವಾಯಿತು ಎಂದು ಹೇಳಿಬಿಡುತ್ತಿದ್ದರು.

ನನ್ನ ಮನಸ್ಸಿನಿಂದ ಹೋಗದಿರುವುದು ಒಂದು ಕಾರ್ಖಾನೆಯ ಪ್ರಸಂಗ. ಅಲ್ಲಿನ ಸರ್ವರು ಕೆಟ್ಟು ನಮ್ಮನ್ನು ಕರೆದರು. ಬ್ಯಾಕಪ್ ಲಾಗಿನಲ್ಲಿ ತಿಂಗಳುಗಟ್ಟಲೆ ಒಂದೇ ಒಂದು ಕೆಂಪು ಸಾಲಿಲ್ಲ, ಎಲ್ಲವೂ ಸಕ್ಸಸ್‌ಫುಲ್. ಟೇಪು ಹಾಕಿ ತೆರೆದರೆ ಡೇಟಾಬೇಸೇ ಇಲ್ಲ. ಹಿಂದೆ ಯಾವಾಗಲೋ ಅದನ್ನು ಹೊಸ ಡ್ರೈವಿಗೆ ಸಾಗಿಸಿದ್ದರು. ಬ್ಯಾಕಪ್ ಪಟ್ಟಿಗೆ ಆ ಡ್ರೈವನ್ನು ಸೇರಿಸಿರಲಿಲ್ಲ. ಖಾಲಿ ಫೋಲ್ಡರು ಪ್ರತಿ ರಾತ್ರಿ ತಪ್ಪದೆ ಟೇಪಿಗೆ ಹೋಗಿತ್ತು. ಅಕೌಂಟ್ಸ್ ವಿಭಾಗದವರು ವಾರಗಟ್ಟಲೆ ಕೂತು ಕಾಗದದ ವೋಚರುಗಳಿಂದ ಮತ್ತೆ ಎಂಟ್ರಿ ಮಾಡಿದರು. ಏನೂ ತಪ್ಪು ಮಾಡದವರು ಅವರು. ಅಂದಿನಿಂದ ನಮ್ಮ ಹಿರಿಯರು ನಮ್ಮಲ್ಲಿ ಒಂದು ನಿಯಮ ತಂದರು: ತಿಂಗಳಿಗೊಮ್ಮೆ ಕೈಗೆ ಸಿಕ್ಕ ಟೇಪಿನಿಂದ ಟೆಸ್ಟ್ ಸರ್ವರಿಗೆ ರಿಸ್ಟೋರ್ ಮಾಡಿ, ಆಯಾ ವಿಭಾಗದವರನ್ನೇ ಕರೆದು ಫೈಲು ತೆರೆಸಬೇಕು.

2006ರಲ್ಲಿ ಅಮೆಜಾನ್ ಎಸ್3 ಎಂಬ ಕ್ಲೌಡ್ ಸ್ಟೋರೇಜ್ ಸೇವೆ ಶುರು ಮಾಡಿತು, 2016ರಲ್ಲಿ ಮುಂಬೈಗೂ ಅದರ ಡೇಟಾ ಸೆಂಟರುಗಳು ಬಂದವು. ನಾವು ರಾತ್ರಿಯೆಲ್ಲ ಕೂತು ಕೊಡುತ್ತಿದ್ದ ಜಾಗವನ್ನು ಈಗಿನ ಹುಡುಗರು ಒಂದು ಕಮಾಂಡಿನಲ್ಲಿ ಪಡೆಯುತ್ತಾರೆ. ಒಳ್ಳೆಯದೇ ಆಯಿತು, ಆ ರಾತ್ರಿಗಳು ಯಾರಿಗೂ ಮತ್ತೆ ಬೇಡ. ಆದರೆ ಕ್ಲೌಡಿನಲ್ಲಿ ನಾಲ್ಕು ಕಡೆ ಕಾಪಿ ಇದೆಯಲ್ಲ, ಬ್ಯಾಕಪ್ ಯಾಕೆ ಎಂದು ಅವರು ಕೇಳಿದಾಗ ನನಗೆ ದಿಗಿಲಾಗುತ್ತದೆ. ಡಿಸ್ಕು ಸತ್ತರೆ ಆ ಕಾಪಿಗಳು ಕಾಯುತ್ತವೆ. ಯಾರೋ ಫೈಲು ಅಳಿಸಿದರೆ, ರಾನ್ಸಮ್‌ವೇರ್ ಹೊಕ್ಕು ಬೀಗ ಹಾಕಿದರೆ, ಅದೇ ಹಾನಿ ನಾಲ್ಕೂ ಕಾಪಿಗೆ ಹರಡುತ್ತದೆ. ತಂತಿಯಿಂದ ಬಿಡಿಸಿ ಕಪಾಟಿನಲ್ಲಿಟ್ಟ ಟೇಪಿಗೆ ಆ ಕೈ ಮುಟ್ಟದು. ಟೇಪು ಸತ್ತಿತು ಎಂದವರ ನಡುವೆಯೇ 2021ರಲ್ಲಿ 18 ಟಿಬಿ ಹಿಡಿಯುವ ಎಲ್‌ಟಿಒ-9 ಬಂದದ್ದು ಸುಮ್ಮನೆ ಅಲ್ಲ.

ಟೇಪಾಗಲಿ ಕ್ಲೌಡಾಗಲಿ, ನಿಮ್ಮ ಆಫೀಸಿನ ಬ್ಯಾಕಪ್ಪಿನಿಂದ ಒಂದು ಫೈಲನ್ನು ಈ ವಾರವೇ ವಾಪಸ್ ತೆಗೆಯಿರಿ. ಲಾಗಿನ ಹಸಿರು ಸಾಲನ್ನು ನಂಬಬೇಡಿ. ಆ ಫೈಲಿನಲ್ಲಿ ದಿನಾ ಕೆಲಸ ಮಾಡುವವರನ್ನು ಕೂರಿಸಿ, ಅವರ ಕೈಯಿಂದಲೇ ತೆರೆಸಿ ನೋಡಿ.