ಮೊರದ ಅಂಚಿನ ಕಾಳು

ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯವರು ಅಪ್ಪಣೆ ಮಾಡಿರುವರು. ಆಹಾರ ಪರೀಕ್ಷೆಯ ಪ್ರಯೋಗಶಾಲೆಯಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನಮಗೆ ಕಥೆ ಕವನಗಳನ್ನು ಕಟ್ಟುವ ಶಕ್ತಿಯಿಲ್ಲ. ನಾವು ಬಲ್ಲುದು ಕಡಲೆಕಾಯಿಯ ಬೂಷ್ಟಿನ ವಿಚಾರವೊಂದನ್ನೇ. ಶಾಲೆಯಲ್ಲಿ ವಿಜ್ಞಾನದ ಮಿಸ್ಸಮ್ಮನವರು ಹಳಸಿದ ರೊಟ್ಟಿಯ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದಾಗ, ಅದೊಂದು ಪುಟ್ಟ ತೋಟವೆಂದು ನಕ್ಕಿದ್ದ ನಮ್ಮ ತರಗತಿಯ ಸೋದರಿಯರು ಇದನ್ನು ಓದಿ ಮನ್ನಿಸಬೇಕು.

ನಮ್ಮ ತಂದೆಯವರು ಚಳ್ಳಕೆರೆಯ ಸೀಮೆಯಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ರಜೆಗೆ ಬೋರ್ಡಿಂಗಿನಿಂದ ಮನೆಗೆ ಹೋದರೆ ಪಡಸಾಲೆಯ ತುಂಬ ಕಾಯಿಯ ರಾಶಿ. ಸುಲಿದ ಬೀಜವನ್ನು ತಾಯಿಯವರು ಮೊರದಲ್ಲಿ ಹರವಿ, ಮುರುಟಿದುದು, ಕಪ್ಪಾದುದು, ಹಸಿರು ಹುಡಿ ಹಿಡಿದುದು ಇವನ್ನೆಲ್ಲ ಅಂಚಿಗೆ ಸರಿಸುತ್ತಿದ್ದರು. ಒಳ್ಳೆಯದು ಡಬ್ಬಕ್ಕೆ, ಅಂಚಿನದು ಕೆಲಸದಾಕೆಯ ಸೆರಗಿಗೆ. ಆಕೆ ಅದನ್ನು ಹುರಿದು, ಮೆಣಸಿನಕಾಯಿಯೊಡನೆ ಕುಟ್ಟಿ, ಮಕ್ಕಳಿಗೆ ರೊಟ್ಟಿಯ ಸಂಗಡ ಕೊಡುವಳೆಂದು ನಾವೆಲ್ಲರೂ ಅರಿತಿದ್ದೆವು. ಕೊಟ್ಟೆವೆಂಬ ಸಂತೋಷವೂ ನಮಗೆ ಇಲ್ಲದಿರಲಿಲ್ಲ.

೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಯ ಮರಿಗಳು ಸತ್ತುವು. ರೋಗವಾವುದೆಂದು ತಿಳಿಯದೆ ಅದಕ್ಕೆ 'ಎಕ್ಸ್' ಎಂದು ಹೆಸರಿಟ್ಟರು. ಜಾಡು ಹಿಡಿದು ನೋಡಲಾಗಿ, ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ಗೊತ್ತಾಯಿತು. ಹಿಂಡಿಗೆ ವಿಷವೂಡಿದುದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು. ಅದರ ಹೆಸರಿನ ಅಕ್ಷರಗಳನ್ನೇ ಕೂಡಿಸಿ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ನಾಮಕರಣವಾಯಿತು. ಯಕೃತ್ತೇ ಅದರ ಗುರಿ. ಅದು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವುದೆಂದು ೧೯೮೭ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ನಿರ್ಣಯಿಸಿತು.

ಆ ಕೋಳಿಮರಿಗಳ ಸುದ್ದಿ ನಮ್ಮ ನಾಡಿಗೆ ಹೊರಗಿನದಾಗಿರಲಿಲ್ಲ. ೧೯೫೦ರಲ್ಲಿ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಆರಂಭವಾದ ಆಹಾರ ಸಂಶೋಧನಾಲಯದವರು, ಬಡಮಕ್ಕಳ ಪುಷ್ಟಿಗಾಗಿ ಮೂರು ಪಾಲು ಕಡಲೆಕಾಯಿ ಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟನ್ನು ಬೆರಸಿ ಆಹಾರವನ್ನು ಸಿದ್ಧಪಡಿಸಿದ್ದರು. ಎಣ್ಣೆ ತೆಗೆದ ಆ ಹಿಟ್ಟಿನಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಪ್ರೋಟೀನು. ಹಸಿದ ಕೂಸಿಗೆ ಹಿಡಿದ ತುತ್ತಿನಲ್ಲಿಯೇ ಸಂದೇಹವು ಹೊಕ್ಕಿತು.

ನಮಗೆ ಕಣ್ಣು ತೆರೆದುದು ಕತ್ತಲೆಯ ಕೋಣೆಯಲ್ಲಿ. ಬೀಜದ ಸಾರವನ್ನು ಗಾಜಿನ ಫಲಕದ ಮೇಲೆ ಹರಿಯಿಸಿ ಅತಿನೇರಳೆ ಕಿರಣವನ್ನು ಬಿಟ್ಟರೆ ವಿಷವು ತಾನೇ ಹೊಳೆಯುವುದು. ಒಂದು ಬಗೆ ನೀಲಿ, ಇನ್ನೊಂದು ಹಸಿರು. ನೀಲಿಯದೇ ಹೆಚ್ಚು ಕ್ರೂರ. ಮೊದಲ ಸಲ ಕಂಡಾಗ, ಎಷ್ಟು ಸೊಗಸೆಂದು ಬಾಯಿತಪ್ಪಿ ಅಂದುಬಿಟ್ಟೆವು. ಮರುಕ್ಷಣವೇ ಮೊರದ ಅಂಚು ನೆನಪಿಗೆ ಬಂದಿತು. ಮೂಟೆಯ ವಿಷವೆಲ್ಲ ಬಹುಮಟ್ಟಿಗೆ ಕೆಲವೇ ಕಾಳುಗಳಲ್ಲಿ ಅಡಗಿರುವುದು. ಅವುಗಳಲ್ಲಿ ಮುರುಟಿದವೂ ಬಣ್ಣಗೆಟ್ಟವೂ ಮುಖ್ಯ. ಅಂದಮೇಲೆ, ತಾಯಿಯವರು ಆರಿಸಿದಷ್ಟೂ ನಮ್ಮ ಡಬ್ಬವು ಶುದ್ಧವಾಯಿತು, ಆಕೆಯ ಸೆರಗು ಕೆಟ್ಟಿತು. ಹುರಿದರೆ ವಿಷವು ತುಸು ತಗ್ಗುವುದೇ ಹೊರತು ಹೋಗದು. ಕುದಿಸಿದರೂ ಅಷ್ಟೆ.

ದೋಷವು ಹೊಲದಲ್ಲಿಯೇ ಮೊದಲಾಗುವುದು. ಕಾಯಿ ಬಲಿಯುವ ಕಾಲದಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಬೂಷ್ಟು ಒಳಹೊಗುವುದು. ಕಿತ್ತ ಕಾಯಿಯನ್ನು ಹಸಿಯಾಗಿಯೇ ರಾಶಿ ಹಾಕಿದರೆ ಹಬ್ಬುವುದು. ಬೀಜದ ತೇವವು ನೂರಕ್ಕೆ ಎಂಟರಷ್ಟಕ್ಕೆ ಇಳಿಯುವವರೆಗೆ ಒಣಗಿಸಬೇಕು. ಆದರೆ ಯಂತ್ರದಲ್ಲಿ ಬೀಜ ಒಡೆಯದಿರಲೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ವರ್ತಕರನ್ನು ನಾವು ಕಣ್ಣಾರೆ ಕಂಡಿದ್ದೇವೆ. ತೂಕವೂ ಏರುವುದಷ್ಟೆ! ಗಾಣಕ್ಕೆ ಹಾಕಿದರೆ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುವುದು. ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿ ರೂಪ ಬದಲಿಸಿಕೊಂಡು ಮತ್ತೆ ತೋರುವುದು. ಈಗ ನಮ್ಮ ದೇಶದ ಕಾನೂನು ಒಂದು ಕಿಲೋಗ್ರಾಂ ಕಡಲೆಕಾಯಿ ಬೀಜದಲ್ಲಿ ೧೫ ಮೈಕ್ರೋಗ್ರಾಮಿಗೆ ಮಿತಿ ಹಾಕಿದೆ, ಅಂದರೆ ನೂರು ಕೋಟಿಯಲ್ಲಿ ಹದಿನೈದು ಪಾಲು. ಚೀಲದ ಮೇಲಿನ ಒಂದು ಹಿಡಿಯನ್ನು ನೋಡಿ ಇದನ್ನು ಹೇಳಬಲ್ಲವರಾರು?

೧೯೭೪ರಲ್ಲಿ ಬಾಂಸವಾಡಾ, ಪಂಚಮಹಲ್ ಪ್ರಾಂತಗಳ ಬಡ ಬುಡಕಟ್ಟಿನವರು ಅಕಾಲದ ಮಳೆಯಲ್ಲಿ ನೆನೆದ ಮುಸುಕಿನ ಜೋಳವನ್ನು ತಿಂದು, ಕಾಮಾಲೆಯಾಗಿ ಹೊಟ್ಟೆಯುಬ್ಬಿ, ನೂರಕ್ಕೂ ಮಿಕ್ಕಿ ಮೃತರಾದರು. ಅದೂ ಇದೇ ವಿಷವೇ. ಮನೆಯವರ ಊಟದಲ್ಲಿ ಪಾಲುಗೊಂಡ ನಾಯಿಗಳೂ ಸತ್ತುವು. ಆ ವರದಿಯನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕೆಲಸದಾಕೆಯ ಹಿರಿಯ ಮಗನೂ ಕಾಮಾಲೆಯಿಂದಲೇ ತೀರಿಕೊಂಡಿದ್ದನು. ಕಾಮಾಲೆಗೆ ನೂರು ಕಾರಣಗಳುಂಟು. ನಮ್ಮ ಮೊರವೇ ಕಾರಣವೆನ್ನಲು ಯಾವ ಆಧಾರವೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಪ್ರಯೋಗಶಾಲೆಯಲ್ಲಿ ಇಂಥ ಮಾತನ್ನು ದಿನವೂ ಬರೆದು ರುಜು ಹಾಕುತ್ತಿದ್ದ ನಮಗೆ, ಇದೊಂದಕ್ಕೆ ರುಜು ಹಾಕಲು ಈವರೆಗೆ ಕೈಬಂದಿಲ್ಲ.

ಮರುದಿನವೇ ತಾಯಿಯವರಿಗೆ ಕಾಗದ ಬರೆದೆವು. ಅವರು ವಾದ ಮಾಡಲಿಲ್ಲ. ಅಂದಿನಿಂದ ಅಂಚಿನ ಕಾಳು ಬಚ್ಚಲ ಒಲೆಗೆ ಹೋಯಿತು. ಕೆಲಸದಾಕೆಗೆ ಡಬ್ಬದಿಂದಲೇ ಅಳೆದು ಕೊಟ್ಟರು. ಮೊದಲ ದಿನ ಆಕೆ ಆ ತುಂಬುಗಾಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿ, "ಅಮ್ಮಾರೆ, ಇವು ಬಿತ್ತನೆಗೆ ಇಟ್ಟಿದ್ದಲ್ವಾ?" ಎಂದು ಕೇಳಿದಳಂತೆ.