ನಾಲ್ಕೂವರೆ ಅಡಿಯ ಕೋಣೆ

ದಾವಣಗೆರೆಯ ನಮ್ಮ ಮನೆಯಲ್ಲಿ ದೇವರಿಗೊಂದು ಕೋಣೆ ಇತ್ತು, ಕಾಳುಕಡಿಗೊಂದು ಇತ್ತು. ಮಕ್ಕಳಿಗೆ ಅಂತ ಇರಲಿಲ್ಲ. ಓದುವುದು ಪಡಸಾಲೆಯಲ್ಲಿ, ಮಲಗುವುದೂ ಅಲ್ಲೇ, ಅಜ್ಜಿಯ ಪಕ್ಕ. ನನ್ನದು ಎನ್ನಬಹುದಾದ ಜಾಗವೆಂದರೆ ಕಬ್ಬಿಣದ ಬೀರುವಿನ ಒಂದು ಬಾಗಿಲ ಒಳಮೈ. ಅಲ್ಲಿ ‘ಮುಂಗಾರು ಮಳೆ’ಯ ಗಣೇಶ್ ಚಿತ್ರ ಅಂಟಿಸಿದ್ದೆ, ಅಕ್ಕ ಬಟ್ಟೆ ತೆಗೆಯುವಾಗಲೆಲ್ಲ ಅದೂ ಅವಳ ಕಣ್ಣಿಗೆ ಬೀಳುತ್ತಿತ್ತು. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ನಮ್ಮ ಓಣಿಯ ಅಷ್ಟೂ ಮನೆಗಳು ಹಾಗೇ ಇದ್ದವು.

ಒಬ್ಬಳೇ ಕೂರುವ ಕೋಣೆ ಮೊದಲು ಸಿಕ್ಕಿದ್ದು ಸೈಬರ್ ಕೆಫೆಯಲ್ಲಿ. ಪ್ಲೈವುಡ್‌ನ ಗೂಡು, ಗಂಟೆಗೆ 20 ರೂಪಾಯಿ. ಅದರೊಳಗೆ ಇನ್ನೊಂದು ಕೋಣೆ, ಆರ್ಕುಟ್. 2004ರಲ್ಲಿ ಗೂಗಲ್ ಶುರುಮಾಡಿದ ಆ ಸಾಮಾಜಿಕ ಜಾಲತಾಣ ಗಟ್ಟಿಯಾಗಿ ಬೇರುಬಿಟ್ಟಿದ್ದು ಬ್ರೆಜಿಲ್‌ನಲ್ಲಿ ಮತ್ತು ನಮ್ಮಲ್ಲಿ. ಮೊದಮೊದಲು 12 ಫೋಟೊ ಮಾತ್ರ ಹಾಕಬಹುದಿತ್ತು. ಯಾವುದು ಇರಬೇಕು, ಯಾವುದನ್ನು ತೆಗೆಯಬೇಕು ಎಂದು ಗೆಳತಿಯರ ಜೊತೆ ಕಾಲೇಜಿನ ದಾರಿಯುದ್ದಕ್ಕೂ ಚರ್ಚೆ. ನನಗೆ ಬಂದ ಸಂದೇಶಗಳನ್ನು, ಅಂದರೆ ಸ್ಕ್ರ್ಯಾಪ್‌ಗಳನ್ನು, ಬೇರೆಯವರೂ ಓದುತ್ತಿದ್ದರು. ಯಾರು ಬಂದು ಇಣುಕಿ ಹೋದರು ಎಂಬುದೂ ತಿಳಿಯುತ್ತಿತ್ತು. ಪಡಸಾಲೆಯಲ್ಲಿ ಬೆಳೆದವರಿಗೆ ನೋಡುವ ಕಣ್ಣುಗಳೇನೂ ಹೊಸದಲ್ಲ. ಆದರೆ ಗೋಡೆಗೆ ಏನು ಹಾಕಬೇಕೆಂದು ನಾನೇ ತೀರ್ಮಾನಿಸಿದ್ದು ಅದೇ ಮೊದಲು.

ಸರ್ಕಾರಕ್ಕೂ ಆ ಗೂಡುಗಳ ಮೇಲೆ ಕಣ್ಣಿತ್ತು. ಸೈಬರ್ ಕೆಫೆಗಳಿಗಾಗಿ ಕೇಂದ್ರ 2011ರಲ್ಲಿ ತಂದ ನಿಯಮಗಳ ಪ್ರಕಾರ ಗೂಡಿನ ಅಡ್ಡಗೋಡೆ ನೆಲದಿಂದ ನಾಲ್ಕೂವರೆ ಅಡಿ ಮೀರುವಂತಿಲ್ಲ. ಹದಿನೆಂಟು ತುಂಬದವರು ಪೋಷಕರಿಲ್ಲದೆ ಗೂಡಿನಲ್ಲಿ ಕೂರುವಂತಿಲ್ಲ. ಹರೆಯದವರ ಏಕಾಂತಕ್ಕೆ ಹೀಗೆ ಅಡಿಗಳ ಲೆಕ್ಕದಲ್ಲಿ ಎತ್ತರ ಗೊತ್ತುಮಾಡಿದ ಇನ್ನೊಂದು ಕಾನೂನನ್ನು ನಾನು ಕಂಡಿಲ್ಲ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಅಷ್ಟರಲ್ಲಿ ನಾವೆಲ್ಲ ಅಲ್ಲಿಂದ ಎದ್ದು ಬಂದಿದ್ದೆವು.

ಕಲಾವಿದರು ಇಂಥ ಕೋಣೆಗಳ ಬೆನ್ನುಹತ್ತಿದ್ದಾರೆಂದು ತಿಳಿದಿದ್ದು ಬೆಂಗಳೂರಿಗೆ ಬಂದ ಮೇಲೆ. ಅಮೆರಿಕದ ಏಡ್ರಿಯನ್ ಸ್ಯಾಲಿಂಜರ್ ಹದಿಹರೆಯದವರನ್ನು ಅವರವರ ಮಲಗುವ ಕೋಣೆಯಲ್ಲೇ ಕೂರಿಸಿ ತೆಗೆದ ಫೋಟೊಗಳು 1995ರಲ್ಲಿ ಪುಸ್ತಕವಾದವು. ಏನನ್ನೂ ಒಪ್ಪಮಾಡಬೇಡಿ ಎಂದು ಆಕೆ ಮೊದಲೇ ಹೇಳುತ್ತಿದ್ದರಂತೆ. ಒಳ್ಳೆಯ ಕೆಲಸ. ಆದರೆ ಮಗುವಿಗೊಂದು ಕೋಣೆ ಇದ್ದೇ ಇರುತ್ತದೆ ಎಂಬಲ್ಲಿಂದ ಅದು ಹೊರಡುತ್ತದೆ. ರಾಬಿ ಕೂಪರ್ ಅವರ ‘ಆಲ್ಟರ್ ಈಗೊ’ (2007) ಆನ್‌ಲೈನ್ ಆಟಗಾರರನ್ನೂ ಅವರು ಅಲ್ಲಿ ತೊಟ್ಟ ರೂಪವನ್ನೂ ಅಕ್ಕಪಕ್ಕ ಇಟ್ಟಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚೀನಾದ ತ್ಸಾವ್ ಫೇ 2004ರಲ್ಲಿ ಮಾಡಿದ ‘ಕಾಸ್‌ಪ್ಲೇಯರ್ಸ್’. ಎಂಟು ನಿಮಿಷದ ವಿಡಿಯೊ. ಅನಿಮೆ ಪಾತ್ರಗಳ ವೇಷ ತೊಟ್ಟ ಹುಡುಗ ಹುಡುಗಿಯರು ಗ್ವಾಂಗ್‌ಜೌ ನಗರದಲ್ಲಿ ಕತ್ತಿ ಝಳಪಿಸುತ್ತ ಓಡಾಡುತ್ತಾರೆ, ಕಾದಾಡುತ್ತಾರೆ. ಕೊನೆಗೆ ಅದೇ ವೇಷದಲ್ಲಿ ಮನೆಗೆ ಬರುತ್ತಾರೆ. ಮನೆಯವರು ಬೆರಗಾಗುವುದಿಲ್ಲ, ಬೈಯುವುದೂ ಇಲ್ಲ. ಮನೆ ತನ್ನ ಪಾಡಿಗೆ ತಾನು ನಡೆದಿರುತ್ತದೆ. ನನಗೆ ಗೊತ್ತಿದ್ದದ್ದು ಈ ಮನೆಯೇ. ಆರ್ಕುಟ್‌ನಲ್ಲಿ ನನ್ನ ಹೆಸರೇ ಬೇರೆ, ಧೈರ್ಯವೇ ಬೇರೆ. ಸೈಬರ್ ಕೆಫೆಯಿಂದ ಬಂದು ಚಪ್ಪಲಿ ಬಿಟ್ಟರೆ ಅವ್ವ ಕೇಳುತ್ತಿದ್ದುದು ‘ಕೊತ್ತಂಬ್ರಿ ತಂದ್ಯಾ?’ ಎಂದು.

ಈಗ ಅಕ್ಕನ ಮಗಳಿಗೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಸ್ವಂತ ಕೋಣೆ ಇದೆ, ಬಾಗಿಲಿಗೆ ಚಿಲಕವೂ ಇದೆ. ಆದರೆ 2020ರ ಲಾಕ್‌ಡೌನ್‌ನಲ್ಲಿ ಇಡೀ ತರಗತಿ ಆ ಬಾಗಿಲು ದಾಟಿ ಒಳಗೆ ಬಂತು. ‘ಕ್ಯಾಮೆರಾ ಆನ್ ಮಾಡಿ’ ಎಂಬ ಆಜ್ಞೆಯ ಎದುರು ಎಷ್ಟೋ ಮಕ್ಕಳು ಮನೆಯನ್ನು ಮರೆಮಾಚಲು ಪಟ್ಟ ಪಾಡನ್ನು ನಾವಿನ್ನೂ ಸರಿಯಾಗಿ ದಾಖಲಿಸಿಲ್ಲ; ಒಂದೇ ಕೋಣೆಯ ಮನೆಯ ಮಕ್ಕಳದಂತೂ ಯಾರ ಲೆಕ್ಕಕ್ಕೂ ಬರಲಿಲ್ಲ. ಇವಳು ಅಂದು ಒಂದು ಗೋಡೆಯನ್ನು ಖಾಲಿಮಾಡಿಕೊಂಡಳು. ಇವತ್ತಿಗೂ ಆ ಗೋಡೆ ಕ್ಯಾಮೆರಾಕ್ಕೇ ಮೀಸಲು: ಸೀರಿಯಲ್ ಸೆಟ್ ದೀಪ, ಒಂದು ಕುಂಡ, ನಾಲ್ಕು ಪೋಸ್ಟರ್. ಉಳಿದ ಮೂರು ಗೋಡೆಗಳ ಬದಿಗೆ ಒಗೆಯದ ಬಟ್ಟೆ, ಗೈಡುಗಳು, ಅಕ್ಕಿ ಮೂಟೆ. ನಮಗೆ ಮನೆಯಲ್ಲಿ ಕೋಣೆಯಿಲ್ಲದ್ದಕ್ಕೆ ಪರದೆಯೊಳಗೆ ಕಟ್ಟಿಕೊಂಡೆವು. ಇವಳು ಪರದೆಗಾಗಿ ಮನೆಯ ಕೋಣೆಯಲ್ಲೇ ಜಾಗ ಬಿಟ್ಟುಕೊಟ್ಟಿದ್ದಾಳೆ.

ಆ ಮೂರು ಗೋಡೆಗಳನ್ನು ಯಾರಾದರೂ ಚಿತ್ರಿಸಬೇಕೆಂಬುದು ನನ್ನ ಆಸೆ. ನಮ್ಮ ಪ್ಲೈವುಡ್ ಗೂಡಿನ ಒಂದು ಫೋಟೊ ಕೂಡ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಆ ಅಂಗಡಿಯಲ್ಲಿ ಈಗ ಜೆರಾಕ್ಸ್ ಮಾಡುತ್ತಾರೆ. ಫೋಟೊ ತೆಗೆಯಬಲ್ಲ ಗೆಳೆಯರೊಬ್ಬರಿದ್ದಾರೆ, ಕರೆತರಲೇ ಎಂದು ಅಕ್ಕನ ಮಗಳನ್ನು ಕೇಳಿದೆ. ಯಾರು ನೋಡುತ್ತಾರೆ, ಹೆಸರು ಹಾಕುತ್ತಾರಾ, ಬೇಡವೆನಿಸಿದರೆ ತೆಗೆಸಬಹುದಾ ಎಂದು ಒಂದೊಂದಾಗಿ ಕೇಳಿದಳು. ಆರ್ಕುಟ್ ಸೇರುವಾಗ ನಮಗ್ಯಾರಿಗೂ ಹೊಳೆಯದಿದ್ದ ಪ್ರಶ್ನೆಗಳು. ‘ನಿಮ್ಮಮ್ಮನ್ನ ಒಂದು ಮಾತು ಕೇಳ್ತೀನಿ’ ಎಂದೆ.

‘ರೂಮು ನಂದು ಚಿಕ್ಕಮ್ಮ’ ಎಂದಳು, ‘ನನ್ನನ್ನೇ ಕೇಳು.’